ಮಂಗಳವಾರದ ಪಾನಕ

ಇಪ್ಪತ್ತೆಂಟು.

ಯಂತ್ರ ತಪ್ಪಿರಬೇಕೆಂದು ಮತ್ತೊಮ್ಮೆ ಹಾಕಿದೆ. ಮತ್ತೆ ಅದೇ. ಊಟ ಬಿಟ್ಟವರ ರಕ್ತದಲ್ಲೂ ಸಕ್ಕರೆ ಎಪ್ಪತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಪ್ಪತ್ತೆಂಟಕ್ಕೆ ಇಳಿದರೆ ಮೆದುಳು ಹಸಿದು ಮಂಕಾಗುತ್ತದೆ. ಹಾಗೇ ಬಿಟ್ಟರೆ ಮತ್ತೆ ಏಳುವುದಿಲ್ಲ.

ರಕ್ತ ಗಂಗಲಕ್ಷ್ಮಮ್ಮ ಎಂಬುವವರದು. ಅರವತ್ತರ ಹತ್ತಿರದ ವಯಸ್ಸು. ಹೊಸ ತಿಪ್ಪಸಂದ್ರದ ಹಳೇ ಊರಿನವರು. ಅಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದಿಂದ ಇದ್ದ ಮನೆತನ. ಸಕ್ಕರೆ ಕಾಯಿಲೆ ಇಲ್ಲ. ಯಾವ ಔಷಧಿಯೂ ಇಲ್ಲ. ಆ ಮಂಗಳವಾರ ಮಧ್ಯಾಹ್ನ ಮನೆಯ ಮುಂದಿನ ಗುಡಿಯಲ್ಲಿ, ಹತ್ತಾರು ಜನರ ಎದುರು, ಕೂತಲ್ಲೇ ಒರಗಿದ್ದರು. ಸೊಸೆ ಆಟೋದಲ್ಲಿ ಹಾಕಿಕೊಂಡು ಶಿವಾಜಿನಗರದ ನಮ್ಮ ಆಸ್ಪತ್ರೆಗೆ ತಂದಿದ್ದಳು.

ನಾನು ಅಲ್ಲಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಎರಡು ಸಾವಿರದ ಒಂದನೇ ಇಸವಿ, ಜುಲೈ. ಚೀಟಿ ಹಿಡಿದು ಡಾಕ್ಟರ್ ಫಹ್ಮಿದಾ ಅವರ ಕೋಣೆಗೆ ಹೋದೆ. ಹಾರ್ಮೋನುಗಳ ಕಾಯಿಲೆಗೆ ಅವರೇ ನಮ್ಮಲ್ಲಿ ದೊಡ್ಡವರು. ಮಾತು ಕಡಿಮೆ. ಕೇಳುವ ಪ್ರಶ್ನೆಗಳು ಮಾತ್ರ ಚೂಪು.

"ಗ್ಲೂಕೋಸ್ ಏರಿಸೋಕೆ ಮುಂಚೆ ತೆಗೆದ ರಕ್ತ ತಾನೆ ಇದು?"

"ಹೌದು ಮೇಡಂ."

"ಉಳಿದದ್ದನ್ನ ಚೆಲ್ಲಬೇಡಿ ನರೇಶ್. ಫ್ರೀಜರಲ್ಲಿಟ್ಟು ಬೀಗ ಹಾಕಿ."

"ಬೀಗ ಯಾಕೆ?"

ಅವರು ಚೀಟಿಯಿಂದ ತಲೆ ಎತ್ತಲಿಲ್ಲ. "ಆರೋಗ್ಯವಾಗಿರೋ ಹೆಂಗಸಿನ ಸಕ್ಕರೆ ಇಷ್ಟು ಇಳಿಯಲ್ಲ. ಯಾರೋ ಇಳಿಸಿರಬಹುದು."

ಗ್ಲೂಕೋಸ್ ಏರಿದ ಮೇಲೆ ಗಂಗಲಕ್ಷ್ಮಮ್ಮ ಕಣ್ಣು ಬಿಟ್ಟರು. ಮನೆಯವರು ನಿಟ್ಟುಸಿರಿಟ್ಟರು. ಆದರೆ ಮರುದಿನ ಬೆಳಗ್ಗೆ, ವಾರ್ಡಿನಲ್ಲೇ, ಮತ್ತೆ ಪ್ರಜ್ಞೆ ತಪ್ಪಿತು. ಮತ್ತೆ ಸಕ್ಕರೆ ಪಾತಾಳಕ್ಕೆ.

ಆಗ ಹಾಸಿಗೆಯ ಪಕ್ಕದಲ್ಲಿದ್ದವಳು ಒಬ್ಬಳೇ — ಸೊಸೆ ಸುಕನ್ಯ.

ಸುಕನ್ಯ ಇಂದಿರಾನಗರದ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಮಾವ ಮುನಿಆಂಜನಪ್ಪನಿಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚುವವಳು ಅವಳೇ.

ಮಧ್ಯಾಹ್ನದ ಹೊತ್ತಿಗೆ ಇನ್ಸ್‌ಪೆಕ್ಟರ್ ಪ್ರೇಮ್‌ಕುಮಾರ್ ಬಂದರು. ಕುರ್ಚಿ ಎಳೆದುಕೊಂಡು ಟೋಪಿ ಮೇಜಿನ ಮೇಲಿಟ್ಟರು.

"ಕೇಸ್ ಮುಗೀತು ಅಂದ್ಕೊಳ್ಳಿ ಡಾಕ್ಟ್ರೇ. ಸೊಸೆ ನರ್ಸು. ಮನೆ ಫ್ರಿಜ್ಜಲ್ಲಿ ಇನ್ಸುಲಿನ್. ಇಲ್ಲೂ ಪಕ್ಕದಲ್ಲಿ ಕೂತಿದ್ದು ಅವಳೇ. ಇನ್ನೇನ್ ಬೇಕು?"

"ಕಾರಣ ಬೇಕು."

"ಅದೂ ಇದೆ. ಅತ್ತೆ ಮೈಮೇಲೆ ಮಂಗಳವಾರ ದೇವಿ ಬರುತ್ತಂತೆ. ಊರೋರೆಲ್ಲ ಸೇರ್ತಾರೆ. ಸೊಸೆಗೆ ಆಗ್ಬರಲ್ಲ. 'ಈ ಗಲಾಟೆಗೆ ನಾನೇ ಒಂದು ಕೊನೆ ಹಾಡ್ತೀನಿ' ಅಂದಿದಾಳೆ. ಎದುರುಮನೆ ಹುಸೇನಮ್ಮ ಕಿವಿಯಾರೆ ಕೇಳಿಸ್ಕೊಂಡಿದಾರೆ."

"ದೂರು ಕೊಟ್ಟೋರು ಯಾರು?"

"ಮಾವ. ಬಾಯಿಬಿಟ್ಟು ಅವಳೇ ಅಂತ ಹೇಳ್ಲಿಲ್ಲ, ದೊಡ್ಡ ಮನುಷ್ಯ. 'ನಮ್ಮನೇಲಿ ಸೂಜಿ ಹಿಡಿಯೋಕೆ ಬರೋದು ಒಬ್ಬಳಿಗೇ ಸ್ವಾಮಿ' ಅಂದ್ರು, ಅಷ್ಟೆ."

"ನನಗೆ ಎರಡು ದಿನ ಕೊಡಿ. ಒಂದು ಪರೀಕ್ಷೆ ಬಾಕಿ ಇದೆ."

"ನಾಡಿದ್ದು ಸಂಜೆವರೆಗೂ. ಅಲ್ಲೀವರೆಗೂ ಅವಳು ಅತ್ತೆ ಹತ್ರ ಸುಳೀಬಾರದು. ಆಮೇಲೆ ನಾನು ಕರ್ಕೊಂಡು ಹೋಗೋನೇ."

ವರಾಂಡದಲ್ಲಿ ಸುಕನ್ಯ ಬೆಂಚಿನ ಈ ತುದಿಯಲ್ಲಿ, ಗಂಡ ಜಗನ್ ಆ ತುದಿಯಲ್ಲಿ. ನಡುವೆ ಮೂರು ವರ್ಷದ ಮಗಳು ಶ್ವೇತ ನಿದ್ದೆ ಹೋಗಿದ್ದಳು. ಜಗನ್ ಹೆಂಡತಿಯ ಮುಖ ನೋಡುತ್ತಿರಲಿಲ್ಲ. ಅನುಮಾನ ಬಂದಿದೆಯೆಂದು ಅವನು ಹೇಳಬೇಕಾಗಿರಲಿಲ್ಲ.

ಫಹ್ಮಿದಾ ಅವಳನ್ನು ಒಳಗೆ ಕರೆದರು.

"ಅತ್ತೆಗೆ ಇನ್ಸುಲಿನ್ ಚುಚ್ಚಿದ್ರಾ?"

"ಇಲ್ಲ ಮೇಡಂ. ನನ್ನ ಮಗಳಾಣೆ."

"ಆಣೆ ಬೇಡ. ಕೊನೆ ಹಾಡ್ತೀನಿ ಅಂದದ್ದು?"

"ಅಂದೆ. ಸುಳ್ಳು ಹೇಳಲ್ಲ. ವಾರಕ್ಕೊಂದು ಸಲ ಅತ್ತೆ ಬೆವೆತು ತೊಪ್ಪೆಯಾಗಿ ಬೀಳೋದನ್ನ ನೋಡೋಕಾಗ್ತಿರಲಿಲ್ಲ. ಪರೀಕ್ಷೆ ಮಾಡಿಸೋಣ ಅಂದ್ರೆ ಮಾವ ದೇವಿಗೆ ಅಪಚಾರ ಅಂತ ಕೂಗಾಡಿದ್ರು."

"ಈ ಮಂಗಳವಾರ ಏನಾದ್ರೂ ಬೇರೆ ಮಾಡಿದ್ರಾ? ಯಾವತ್ತೂ ಮಾಡದೇ ಇರೋದು?"

ಅವಳು ಉತ್ತರಿಸಲಿಲ್ಲ.

ಮೌನಗಳನ್ನು ಕೇಳಿಸಿಕೊಳ್ಳುವುದು ನನಗೆ ಮೊದಲಿನಿಂದ ಅಭ್ಯಾಸ. ಕೆಲವು ಬರಿದಾಗಿರುತ್ತವೆ. ಇದು ಬರಿದಾಗಿರಲಿಲ್ಲ. ಇವಳು ಏನನ್ನೋ ಬಚ್ಚಿಡುತ್ತಿದ್ದಾಳೆ ಎನಿಸಿತು. ಅದುವರೆಗೆ ಇದ್ದ ಕನಿಕರ ಆ ಕ್ಷಣ ನನ್ನಲ್ಲಿ ಹಿಂದೆ ಸರಿಯಿತು.

ಶುಕ್ರವಾರ ಬೆಳಗ್ಗೆ ಫಲಿತಾಂಶ ಬಂತು. ಪ್ರೇಮ್‌ಕುಮಾರ್ ಅದಕ್ಕೂ ಮೊದಲೇ ಬಂದು ಕೂತಿದ್ದರು.

"ಇನ್ಸುಲಿನ್ ತುಂಬ ಜಾಸ್ತಿ ಇದೆ," ಎಂದರು ಫಹ್ಮಿದಾ.

"ನಾನ್ ಹೇಳ್ಲಿಲ್ವಾ!"

"ತಡೀರಿ. ಸಿ-ಪೆಪ್ಟೈಡೂ ಅಷ್ಟೇ ಜಾಸ್ತಿ ಇದೆ. ನಮ್ಮ ಮೇದೋಜೀರಕ ಗ್ರಂಥಿ ಇನ್ಸುಲಿನ್ನನ್ನ ಮೊದಲು ಉದ್ದದ ಸರಪಳಿಯಾಗಿ ಮಾಡಿಕೊಳ್ಳುತ್ತೆ. ಆಮೇಲೆ ನಡುವಿನ ತುಂಡನ್ನ ಕತ್ತರಿಸುತ್ತೆ. ಆ ತುಂಡೇ ಸಿ-ಪೆಪ್ಟೈಡ್. ಎರಡೂ ಒಟ್ಟಿಗೇ ರಕ್ತಕ್ಕೆ ಬರ್ತವೆ. ಸೀಸೆಯ ಇನ್ಸುಲಿನ್‌ನಲ್ಲಿ ಆ ತುಂಡು ಇರಲ್ಲ."

ಇನ್ಸ್‌ಪೆಕ್ಟರ್ ಹುಬ್ಬು ಗಂಟಿಕ್ಕಿದರು. "ಅಂದ್ರೆ — ಸೂಜಿ ಅಲ್ಲ?"

"ಅಲ್ಲ. ಆ ಇನ್ಸುಲಿನ್ ಅವರದ್ದೇ ಗ್ರಂಥಿಯದು."

"ಹಂಗಾದ್ರೆ ಯಾರೂ ಏನೂ ಮಾಡಿಲ್ಲ. ಕಾಯಿಲೆ."

"ಗ್ರಂಥಿಯಲ್ಲಿ ಗಡ್ಡೆ ಇದ್ರೂ ಹೀಗಾಗುತ್ತೆ. ಸ್ಕ್ಯಾನಲ್ಲಿ ಕಾಣ್ಲಿಲ್ಲ, ಚಿಕ್ಕದಾದ್ರೆ ತಪ್ಪಿಸಿಕೊಳ್ಳಬಹುದು. ಇನ್ನೊಂದು ದಾರೀನೂ ಇದೆ. ಸಕ್ಕರೆ ಕಾಯಿಲೆಗೆ ಕೊಡೋ ಮಾತ್ರೆ. ಅದು ಗ್ರಂಥಿಯನ್ನೇ ಏಮಾರಿಸಿ ಇನ್ಸುಲಿನ್ ಬಿಡಿಸುತ್ತೆ. ಕೆಲವು ಒಂದು ದಿನಕ್ಕೂ ಮೀರಿ ಕೆಲಸ ಮಾಡ್ತವೆ. ವಾರ್ಡಲ್ಲಿ ಯಾರೂ ಮುಟ್ಟದೇ ಸಕ್ಕರೆ ಮತ್ತೆ ಇಳಿದದ್ದು ಅದರಿಂದಲೂ ಇರಬಹುದು."

"ರಕ್ತದಲ್ಲಿ ಆ ಮಾತ್ರೆ ಹುಡುಕಿ ಮತ್ತೆ."

"ಆ ಪರೀಕ್ಷೆ ನಮ್ಮಲ್ಲಿಲ್ಲ."

"ಮಾತ್ರೆ ಆದ್ರೂ ಕೊಟ್ಟಿರೋದು ಸೊಸೇನೇ. ನರ್ಸಿಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ?" ಪ್ರೇಮ್‌ಕುಮಾರ್ ಗಡಿಯಾರ ನೋಡಿದರು. "ಸಂಜೆವರೆಗೂ ಅಂದಿದೀನಿ. ಮಾತು ಮಾತೇ."

ನಾನೂ ಫಹ್ಮಿದಾ ಅವರೂ ಆಟೋ ಹಿಡಿದೆವು. ಹಲಸೂರು ದಾಟಿ, ಇಂದಿರಾನಗರ ದಾಟಿ, ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಗದ್ದಲದಲ್ಲಿ ಇಳಿದೆವು. ಪಾತ್ರೆ ಅಂಗಡಿಯ ಪಕ್ಕದ ಓಣಿಯಲ್ಲಿ ಹತ್ತು ಹೆಜ್ಜೆ ನಡೆದರೆ ರಸ್ತೆ ಮರೆತುಹೋಗುತ್ತದೆ. ಒಂದು ಬೇವಿನ ಮರ, ಅದರ ಕೆಳಗೆ ಆಳೆತ್ತರದ ಗುಡಿ, ಹಿಂದೆ ಹೆಂಚಿನ ಮನೆ. ಸುತ್ತ ಮೂರಂತಸ್ತಿನ ಬಾಡಿಗೆ ಕಟ್ಟಡಗಳು. ಅವೂ ಇದೇ ಮನೆಯವರವು.

ಎದುರುಮನೆಯ ಜಗುಲಿಯಿಂದ ಹುಸೇನಮ್ಮ ಇಳಿದು ಬಂದರು. ಎಪ್ಪತ್ತು ದಾಟಿದ ಮುದುಕಿ; ಮೂವತ್ತು ವರ್ಷದಿಂದ ಮಂಗಳವಾರ ತಪ್ಪಿಸಿದವರಲ್ಲ.

"ಆಸ್ಪತ್ರೆಯೋರಾ? ಗಂಗಮ್ಮ ಹೆಂಗವ್ಳೆ? ಅಲ್ಲಾ, ದೇವಿ ಮುನಿಸ್ಕೊಂಡಿದ್ಕೆ ನೀವೇನ್ ಸೂಜಿ ಹಾಕ್ತೀರಾ?"

"ದೇವಿ ಮುನಿಸಿಕೊಂಡದ್ದು ಹೇಗೆ ಗೊತ್ತಾಯ್ತಮ್ಮ?"

"ಪಾನಕ ಕುಡುದ್ರೂ ಇಳೀಲಿಲ್ವಲ್ಲ! ನಿಂಬೆಹಣ್ಣಿನ ಪಾನಕ, ಪೂಜೆಗೆ ಮುಂಚೇನೇ ಮಾಡಿಟ್ಟಿರ್ತಾರೆ. ಬೇರೆ ವಾರ ಒಂದು ಚೊಂಬು ಕುಡುದ್ರೆ ತಣ್ಣಗೆ ಎದ್ದು ಕೂರೋಳು. ಈ ಸಲ ಚೊಂಬು ಖಾಲಿ ಆಯ್ತು, ದೇವಿ ಇಳೀಲಿಲ್ಲ. ಮುನಿಆಂಜನಪ್ಪ ಇನ್ನೊಂದು ಚೊಂಬು ತಾ ಅಂತ ಕೂಗ್ದ. ಸೊಸೆ ಕೇಳ್ದೆ ಆಟೋಗೆ ಹಾಕ್ಕೊಂಡ್ಹೋದ್ಲು."

"ಮೂವತ್ತು ವರ್ಷದಿಂದ ಪಾನಕಾನೇ?"

"ಎಲ್ಲೀದು! ಆಗೆಲ್ಲ ಬೇವಿನ ಸೊಪ್ಪಲ್ಲಿ ನೀರು ಚಿಮುಕ್ಸಿ ಕರ್ಪೂರ ಹಚ್ಚಿದ್ರೆ ಸಾಕಿತ್ತು. ನಡುವೆ ಆರು ವರ್ಷ ದೇವಿ ಬರೋದೇ ಬಿಟ್ಟಿದ್ಲು. ಯುಗಾದಿ ಆದ್ಮೇಲೆ ಮತ್ತೆ ಬರೋಕ್ ಶುರು ಮಾಡಿದ್ಲು. ಅವಾಗಿಂದ ಪಾನಕ. ಕಾಲ ಬದ್ಲಾಯ್ತಲ್ಲ, ದೇವೀಗೂ ನಾಲ್ಗೆ ರುಚಿ." ಮುದುಕಿ ನಕ್ಕರು. ಮರುಕ್ಷಣ ದನಿ ತಗ್ಗಿಸಿದರು. "ಮೊದಮೊದ್ಲು ಜೋರಾಗಿ ನಡುಗೋಳು. ಬರ್ತಾ ಬರ್ತಾ ಕಮ್ಮಿ. ಈ ಸಲ ನಡುಕಾನೇ ಇಲ್ಲ. ಗೋಡೆ ನೋಡ್ಕೊಂಡು ಸುಮ್ನೆ ಕೂತಿದ್ಲು. ನನಗೆ ಭಯ ಆಯ್ತು."

"ಮಂಗಳವಾರ ಉಪವಾಸ ಇರ್ತಾರಾ?"

"ಪೂಜೆ ಮುಗಿಯೋಗಂಟ ಏನೂ ತಿನ್ನಲ್ಲ. ಬೆಳಗ್ಗೆ ಗಂಡ ಅರೆದು ಕೊಡೋ ಬೇವು-ಅರಿಶಿನದ ಉಂಡೆ ಒಂದೇ. ಶನಿವಾರಾನೂ ಉಪವಾಸವೇ. ಅವತ್ತು ಬರೀ ನೀರು."

"ಶನಿವಾರ ಏನೂ ಆಗಲ್ವಾ?"

"ಏನಾಗುತ್ತೆ? ಬಟ್ಟೆ ಒಗೀತಾಳೆ, ಅಂಗಳ ಸಾರಿಸ್ತಾಳೆ, ನನ್ಜೊತೆ ಜಗಳ ಆಡ್ತಾಳೆ."

ಮುನಿಆಂಜನಪ್ಪ ಮನೆಯಿಂದ ಹೊರಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ನೆಟ್ಟಗಿನ ಬೆನ್ನು. ಹುಸೇನಮ್ಮ ತಟ್ಟನೆ ಸೆರಗು ಸರಿಮಾಡಿಕೊಂಡು ಬಾಯಿ ಮುಚ್ಚಿದರು.

"ದೇವಿ ಮಾತಾಡ್ತಾಳಾ?" ಫಹ್ಮಿದಾ ಕೇಳಿದರು.

"ಆಡ್ತಾಳೆ. ತೊದಲು ಮಾತು. ಅರ್ಥ ಹೇಳೋನು ನಾನು. ನಮ್ಮಪ್ಪನ ಕಾಲದಿಂದ್ಲೂ ಹಂಗೇ."

"ಬರ್ತಾ ಇದಾಳೆ ಅಂತ ಹೇಗೆ ಗೊತ್ತಾಗುತ್ತೆ?"

ಅವರ ಮುಖ ಬೆಳಗಿತು. "ಮೊದ್ಲು ತುಟಿ ಜುಮ್ ಅಂತದೆ. ಆಮೇಲೆ ಎದೆ ಡವಡವ. ಬೆವರು. ಕಣ್ಮುಂದೆ ಮಂಜು ಕವ್ಕೊಂಡಂಗಾಗಿ ಜನ ಎಲ್ಲೋ ದೂರ ನಿಂತಂಗೆ ಕಾಣ್ತಾರೆ. ಆಗ ಬರ್ತಾಳೆ."

"ಇದನ್ನೆಲ್ಲ ನಿಮ್ಮ ಹೆಂಡತಿ ಹೇಳಿದ್ರಾ?"

"ಅವಳೆಲ್ಲಿ ಹೇಳ್ತಾಳೆ? ಎದ್ಮೇಲೆ ಏನೂ ನೆನಪಿರಲ್ಲ. ನೋಡಿದ್ರೆ ಗೊತ್ತಾಗಲ್ವಾ?"

ಫಹ್ಮಿದಾ ಮುಂದೆ ಕೇಳಲಿಲ್ಲ. ಗುಡಿಯ ಹೊಸ್ತಿಲ ಬಳಿ ಕುಕ್ಕರಗಾಲಿನಲ್ಲಿ ಕೂತರು. ಮಂಗಳವಾರ ಎಲ್ಲರೂ ಎದ್ದು ಓಡಿದಂತೆಯೇ ಎಲ್ಲ ಬಿದ್ದಿತ್ತು. ಬಾಡಿದ ಹೂವು, ಕಪ್ಪಾದ ಬಾಳೆಹಣ್ಣು, ಉರುಳಿದ ಚೊಂಬು. ಚೊಂಬಿನ ತಳದಲ್ಲಿ ಪಾನಕ ಒಣಗಿ ನಿಂಬೆಯ ಸಿಪ್ಪೆ ಅಂಟಿಕೊಂಡಿತ್ತು.

ನೆಲದ ಮೇಲೆ ಇರುವೆಯ ಸಾಲು. ಬಾಳೆಹಣ್ಣಿಗೆ ಹೋಗಿ ಮುತ್ತಿಕೊಂಡಿತ್ತು. ಚೊಂಬಿನ ಬಾಯಿಯ ಪಕ್ಕದಲ್ಲೇ ಹಾದುಹೋಗಿತ್ತು. ಒಳಗೆ ಒಂದೂ ಇರಲಿಲ್ಲ.

ಫಹ್ಮಿದಾ ಬಹಳ ಹೊತ್ತು ಅದನ್ನೇ ನೋಡಿದರು. "ನಡೀರಿ ನರೇಶ್," ಎಂದರು. "ಎಲ್ಲರನ್ನೂ ವಾರ್ಡಿಗೆ ಕರೆಸಿ. ಮುನಿಆಂಜನಪ್ಪನವರೇ, ನೀವೂ ಬನ್ನಿ. ನಿಮ್ಮ ಹೆಂಡತಿ ಮಾತಾಡ್ತಿದಾರೆ."

ಮುನಿಆಂಜನಪ್ಪನವರ ಬೆನ್ನು ಕ್ಷಣಮಾತ್ರ ಬಾಗಿದ್ದನ್ನು ನಾನು ಕಂಡೆ.

ಸಂಜೆ ವಾರ್ಡಿನ ಕೊನೆಯ ಕೋಣೆ. ಗಂಗಲಕ್ಷ್ಮಮ್ಮ ದಿಂಬಿಗೆ ಒರಗಿ ಕೂತಿದ್ದರು. ಮುಖ ಬಿಳಿಚಿತ್ತು, ಕಣ್ಣು ಸ್ಪಷ್ಟವಾಗಿತ್ತು. ಜಗನ್ ಕಿಟಕಿಯ ಬಳಿ. ಮುನಿಆಂಜನಪ್ಪ ಕುರ್ಚಿಯಲ್ಲಿ. ಬಾಗಿಲಲ್ಲಿ ಸುಕನ್ಯ, ಅವಳ ಪಕ್ಕ ಮಹಿಳಾ ಪೊಲೀಸ್. ಪ್ರೇಮ್‌ಕುಮಾರ್ ಟೋಪಿ ಹಾಕಿಕೊಂಡೇ ನಿಂತಿದ್ದರು.

"ಸುಕನ್ಯ," ಎಂದರು ಫಹ್ಮಿದಾ, "ಪಾನಕಕ್ಕೆ ಸಕ್ಕರೆ ಹಾಕಿದ್ರಾ?"

ಅವಳು ಬೆಚ್ಚಿದಳು. ಕಣ್ಣು ತುಂಬಿತು.

"...ಇಲ್ಲ."

"ಏನು?" ಜಗನ್ ತಿರುಗಿದ.

"ಮಿಕ್ಕಿದ ಪಾನಕ ಮಾವ ಪ್ರಸಾದ ಅಂತ ಕುಡೀತಾರೆ. ಪ್ರತಿ ಮಂಗಳವಾರ ರಾತ್ರಿ ಸಕ್ಕರೆ ಏರಿಹೋಗೋದು. ಬೇಡ ಅಂದ್ರೆ ಕೇಳಲ್ಲ. ಅದಕ್ಕೆ ಈ ಸಲ ಸಕ್ಕರೆ ಬದಲು ಕಾಫಿಗೆ ಹಾಕ್ಕೊಳ್ಳೋ ಸಿಹಿ ಮಾತ್ರೆ ಕರಗಿಸಿದೆ. ದೇವಿ ಪಾನಕಕ್ಕೆ ಕೈ ಹಾಕಿದೀನಿ ಅಂತ ಗೊತ್ತಾದ್ರೆ ಊರೇ ನನ್ನ ಸುಡ್ತಿತ್ತು. ಅತ್ತೆ ಬಿದ್ದಾಗ — ನನ್ನಿಂದಾನೇ ದೇವಿ ಮುನಿದಳೇನೋ ಅಂತ ನನಗೂ ಅನ್ನಿಸ್ತು."

"ನೋಡಿ!" ಮುನಿಆಂಜನಪ್ಪ ಎದ್ದರು. "ಬಾಯಿ ಬಿಟ್ಲು! ಬರ್ಕೊಳ್ಳಿ ಸ್ವಾಮಿ!"

"ಕೂತ್ಕೊಳ್ಳಿ," ಎಂದರು ಫಹ್ಮಿದಾ. "ಸಿಹಿ ಮಾತ್ರೆಯಿಂದ ಯಾರೂ ಬೀಳಲ್ಲ. ಅದರಿಂದ ಏಳೋಕೂ ಆಗಲ್ಲ. ನಾಲಿಗೆ ಸಿಹಿ ಅಂದ್ರೆ ನಂಬಿಬಿಡುತ್ತೆ. ಮೇದೋಜೀರಕದ ಕಣಗಳಾಗಲಿ ಮೆದುಳಿನ ಕಣಗಳಾಗಲಿ ಹಾಗೆ ನಂಬಲ್ಲ. ಅವು ಸಕ್ಕರೆಯನ್ನ ಒಳಗೆ ಎಳೆದುಕೊಂಡು ಸುಟ್ಟು ನೋಡ್ತವೆ. ಸುಡೋಕೆ ಏನೂ ಇಲ್ಲದಿದ್ರೆ ಎಷ್ಟು ಸಿಹಿಯಾಗಿದ್ರೂ ಇಲ್ಲ ಅಂತಾನೇ ಲೆಕ್ಕ. ಇರುವೆಗೂ ಅದು ಬೇಕಾಗಲಿಲ್ಲ."

"ಅದಕ್ಕೂ ಕೇಸಿಗೂ ಏನ್ ಸಂಬಂಧ?" ಇನ್ಸ್‌ಪೆಕ್ಟರ್ ಕೇಳಿದರು.

"ಬೇರೆ ವಾರಗಳಲ್ಲಿ ನಿಜವಾದ ಸಕ್ಕರೆ ಕುಡಿದ ತಕ್ಷಣ ಇವರು ಎದ್ದು ಕೂರ್ತಿದ್ರು. ಅಂದ್ರೆ ಯುಗಾದಿಯಿಂದ ಪ್ರತಿ ಮಂಗಳವಾರ ಬರ್ತಿದ್ದದ್ದು ಸಕ್ಕರೆಯ ಕೊರತೆ. ಗಡ್ಡೆ ಇದ್ದಿದ್ರೆ ಶನಿವಾರದ ಉಪವಾಸದಲ್ಲೂ ಬೀಳಬೇಕಿತ್ತು. ಗಡ್ಡೆಗೆ ವಾರ ಗೊತ್ತಿರಲ್ಲ. ಮಂಗಳವಾರ ಮಾತ್ರ ಇವರ ಹೊಟ್ಟೆಗೆ ಹೋಗ್ತಿದ್ದದ್ದು ಏನು?"

"ಬೇವಿನ ಉಂಡೆ," ಎಂದ ಜಗನ್. ಹೇಳಿದ ಮೇಲೆ ತನ್ನ ಮಾತೇ ತನಗೆ ಕೇಳಿಸಿದಂತೆ ತಂದೆಯ ಕಡೆ ನೋಡಿದ.

"ಕಹಿಯೊಳಗೆ ಮಾತ್ರೆಯ ಪುಡಿ ಗೊತ್ತಾಗಲ್ಲ. ಸಕ್ಕರೆ ಸುಟ್ಟಾಗ ಮೇದೋಜೀರಕದ ಕಣದ ಒಂದು ಬಾಗಿಲು ಮುಚ್ಚಿಕೊಳ್ಳುತ್ತೆ. ಮುಚ್ಚಿತು ಅಂದ್ರೆ ಇನ್ಸುಲಿನ್ ಬಿಡು ಅಂತ ಅರ್ಥ. ಈ ಮಾತ್ರೆ ಹೊರಗಿನಿಂದಲೇ ಬಾಗಿಲು ಎಳೆದುಬಿಡುತ್ತೆ. ಹೊಟ್ಟೆ ಖಾಲಿ ಇದ್ರೂ ಕಣ ಊಟ ಬಂತು ಅಂದುಕೊಳ್ಳುತ್ತೆ."

"ಉಂಡೆ ಅರೆಯೋ ಕಲ್ಲು ಮನೇಲಿರುತ್ತೆ," ಪ್ರೇಮ್‌ಕುಮಾರ್ ಬಿಡಲಿಲ್ಲ. "ಪುಡಿ ಬೆರೆಸೋದು ಯಾರಾದ್ರೂ ಬೆರೆಸಬಹುದು. ಸೊಸೆನೂ."

"ಬೆರೆಸಿದವಳೇ ಪಾನಕದಿಂದ ಸಕ್ಕರೆ ತೆಗೆದು, ಆಮೇಲೆ ಆಟೋದಲ್ಲಿ ಎತ್ತಿಕೊಂಡು ಇಲ್ಲಿಗೆ ಓಡಿಬರ್ತಾಳಾ? ಇನ್ಸ್‌ಪೆಕ್ಟರ್, ನಾವೆಲ್ಲ ವಿಷ ಹುಡುಕಿದ್ವಿ. ಮದ್ದನ್ನ ಯಾರೂ ನೋಡ್ಲಿಲ್ಲ. ಮೊದಲೆಲ್ಲ ದೇವಿಗೆ ನೀರು, ಕರ್ಪೂರ ಸಾಕಿತ್ತು. ಯುಗಾದಿಯ ಮೇಲೆ ಪಾನಕ ಬಂತು. ನಡುಕ ಶುರುವಾಗೋ ಮುಂಚೆಯೇ ಚೊಂಬು ಸಿದ್ಧ ಇರ್ತಿತ್ತು. ಹೀಗೆ ಬಿದ್ದವರಿಗೆ ಸಕ್ಕರೆನೇ ಬೇಕು ಅಂತ ಮೊದಲೇ ಗೊತ್ತಿದ್ದವರು ಯಾರು? ಜಗನ್, ಪಾನಕ ಮಾಡಿಡಿ ಅಂದದ್ದು ಯಾರು?"

ಜಗನ್ ಕಿಟಕಿಯ ಸರಳು ಹಿಡಿದುಕೊಂಡ.

"ಅಪ್ಪ."

"ತುಟಿ ಜುಮ್ಮೆನ್ನೋದು ಕಣ್ಣಿಗೆ ಕಾಣಲ್ಲ ಮುನಿಆಂಜನಪ್ಪನವರೇ. ಕಣ್ಣಿಗೆ ಮಂಜು ಕವಿಯೋದೂ ನೋಡೋರಿಗೆ ಗೊತ್ತಾಗಲ್ಲ. ಇವರು ಹೇಳ್ಲಿಲ್ಲ ಅಂತ ನೀವೇ ಅಂದ್ರಿ. ನಿಮಗೆ ಅದು ಗೊತ್ತಿದ್ದದ್ದು ನಿಮ್ಮ ಮೈಯಿಂದ. ಇನ್ಸುಲಿನ್‌ಗೆ ಮುಂಚೆ ನೀವು ಮಾತ್ರೆ ನುಂಗ್ತಿದ್ರಲ್ಲ?"

ಅವರು ಟವೆಲನ್ನು ಹೆಗಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮಡಿಚಿದರು. ಮತ್ತೆ ಬಿಡಿಸಿದರು.

"ಹೋದ ವರ್ಷ ಒಂದು ನಾಮಕರಣಕ್ಕೆ ಹೋಗಿದ್ದೆ," ಎಂದರು ಕೊನೆಗೆ. "ಮಾತ್ರೆ ನುಂಗಿದ್ದೆ, ಊಟ ಲೇಟಾಯ್ತು. ಮೈ ನಡುಗೋಕ್ ಹತ್ತಿತು. ಏನೇನೋ ಬಡಬಡಿಸಿದ್ನಂತೆ. ಜನ ಎದ್ದು ಕೈ ಮುಗುದ್ರು. ತಾಯಿ ಇವನ ಮೈಮೇಲೆ ಬಂದ್ಲು ಅಂದ್ರು. ಯಾರೋ ಪಾನಕ ಕುಡಿಸಿದ್ರು, ಇಳೀತು. ಐದಾರು ವರ್ಷದಿಂದ ಯಾರೂ ನನ್ನ ಹಂಗೆ ನೋಡಿರ್ಲಿಲ್ಲ ಡಾಕ್ಟ್ರಮ್ಮ. ಇವಳ ಮೈಮೇಲೆ ಬರ್ತಿದ್ದಾಗ ಸುತ್ತ ಹಳ್ಳಿಯೋರೆಲ್ಲ ನನ್ನ ಬಾಯಿ ಕಾಯೋರು. ನಿಂತ್ಮೇಲೆ ಬಾಡಿಗೆ ಮನೆಯೋರೂ ನನಗೆ ನಮಸ್ಕಾರ ಹಾಕೋದು ಬಿಟ್ರು. ಮಿಕ್ಕಿದ್ದ ಮಾತ್ರೆ ಮನೇಲಿತ್ತು. ತಾಯಿ ಬರೋಕೆ ದಾರಿ ಮಾಡ್ಕೊಟ್ಟೆ, ಅಷ್ಟೆ."

"ಬರ್ತಾ ಬರ್ತಾ ಒಂದರ ಬದಲು ಎರಡು, ಮೂರು?"

"ನಡುಕಾನೇ ಬರ್ತಿರಲಿಲ್ವಲ್ಲ."

"ಸಕ್ಕರೆ ಇಳಿದಾಗ ಗಂಟೆ ಬಾರಿಸೋ ಕಣಗಳು ಮೆದುಳಲ್ಲೂ ಇವೆ. ಬೆವರು, ನಡುಕ, ಹಸಿವು — ಎಲ್ಲ ಅವುಗಳ ಕೂಗು. ವಾರ ವಾರ ಇಳಿಸ್ತಾ ಹೋದ್ರೆ ಅವು ಒಗ್ಗಿಹೋಗಿ ಸುಮ್ಮನಾಗ್ತವೆ. ನಿಮ್ಮ ಹೆಂಡತಿ ಸಾಯೋ ಹತ್ತಿರಕ್ಕೆ ಹೋಗ್ತಿದ್ರು, ಮೈ ಅದನ್ನ ಹೇಳ್ತಾನೇ ಇರಲಿಲ್ಲ. ನೀವು ದೇವಿ ತಡಮಾಡ್ತಿದಾಳೆ ಅಂದುಕೊಂಡ್ರಿ."

"ಸೊಸೆ ಮೇಲೆ ಹೇಳಿದ್ದು?" ಪ್ರೇಮ್‌ಕುಮಾರ್ ದನಿ ಗಡುಸಾಗಿತ್ತು.

ಮುನಿಆಂಜನಪ್ಪ ನೆಲ ನೋಡಿದರು. "ಭಯ ಆಯ್ತು."

ಜಗನ್ ಹೆಂಡತಿಯ ಕಡೆ ಒಂದು ಹೆಜ್ಜೆ ಇಟ್ಟ. ಅವಳು ಹಿಂದೆ ಸರಿದಳು. ಆ ನಾಲ್ಕು ಹೆಜ್ಜೆ ಜಾಗ ದಾಟಲು ಅವನಿಗೆ ಎಷ್ಟು ಕಾಲ ಬೇಕಾದೀತೋ ಎಂದು ನಾನು ಯೋಚಿಸುತ್ತಿದ್ದೆ.

ಆಗ ಗಂಗಲಕ್ಷ್ಮಮ್ಮ ಮಾತಾಡಿದರು. ದನಿ ಸಣ್ಣದಿತ್ತು.

"ತಾಯಿ ಯಾಕೆ ಬರೋದು ಬಿಟ್ಲು ಅಂತ ನನ್ನ ಒಂದಿನ ಕೇಳಿದ್ರಾ?"

ಗಂಡ ತಲೆ ಎತ್ತಿದರು.

"ನಾನೇ ಕೈ ಮುಗಿದು ಕಳಿಸ್ದೆ. ನನಗೆ ಸಾಕಾಗಿತ್ತು. ವಾರವೆಲ್ಲ ಮೈಕೈ ನೋವು. ಸಾಕು ಕಣವ್ವಾ, ಇನ್ನು ಬರಬೇಡ, ನನ್ನ ಪಾಡಿಗೆ ಬಿಡು ಅಂತ ಗುಡಿಯಲ್ಲಿ ಕೂತು ಕೇಳ್ಕೊಂಡೆ. ಅವಳು ಕೇಳಿದ್ಲು. ಮಾತು ನಡೆಸಿದ್ಲು. ಯುಗಾದಿ ಮೇಲೆ ಮತ್ತೆ ಹಿಂಗಾದಾಗ, ಅವಳೂ ಮಾತಿಗೆ ತಪ್ಪಿದ್ಲಲ್ಲ ಅಂತ ಅವಳನ್ನ ಎಷ್ಟು ಬೈದೆ ಗೊತ್ತಾ? ನಾಲ್ಕು ತಿಂಗಳು ಬೈದೆ."

ಮುನಿಆಂಜನಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡರು.

ಪ್ರೇಮ್‌ಕುಮಾರ್ ಕೆಮ್ಮಿದರು. "ಅಮ್ಮ, ನಿಮ್ಮ ಹೇಳಿಕೆ ಬೇಕು. ಗಂಡ-ಹೆಂಡ್ತಿ ವಿಷಯ, ಯೋಚ್ನೆ ಮಾಡಿ. ನಾಳೆ ಬೇಕಾದ್ರೂ ಬರ್ತೀನಿ."

"ನಾಳೆ ಬೇಡ." ಅವರು ಬಾಗಿಲ ಕಡೆ ಕೈ ತೋರಿದರು. "ಮೊದ್ಲು ಆ ಪೊಲೀಸಮ್ಮನ್ನ ನನ್ನ ಸೊಸೆ ಪಕ್ಕದಿಂದ ಕಳಿಸಿ. ಬಾರೇ ಸುಕನ್ಯ, ಇಲ್ಲಿ ಕೂತ್ಕೋ."

ಸುಕನ್ಯ ಬಂದು ಹಾಸಿಗೆಯ ಅಂಚಿನಲ್ಲಿ ಕೂತಳು. ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡು ಇನ್ಸ್‌ಪೆಕ್ಟರ್ ಕಡೆ ತಿರುಗಿದರು.

"ಈಗ ಬರ್ಕೊಳ್ಳಿ. ನಿಧಾನಕ್ಕೆ ಹೇಳ್ತೀನಿ," ಎಂದರು. "ನನ್ನ ಹೆಸರು ಗಂಗಲಕ್ಷ್ಮಮ್ಮ."